ಮೂರನೇ ಬಾಗಿಲ ಗುರಪ್ಪ

ಗುರಪ್ಪನಿಗೆ ಬುದ್ಧಿ ಇರಲಿಲ್ಲ. ಬೈಯಲು ಹೇಳುತ್ತಿಲ್ಲ, ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು. ಅವನು ಕೋಟೆಯ ಬಾಗಿಲಿನಿಂದ ದೀಪದ ಕಂಬದವರೆಗೆ ನಡೆಯುತ್ತಿದ್ದ, ಕಂಬದಿಂದ ಬಾಗಿಲಿಗೆ ವಾಪಸು ಬರುತ್ತಿದ್ದ, ಮತ್ತೆ ಕಂಬದ ಕಡೆ ಹೊರಡುತ್ತಿದ್ದ. ಬೆನ್ನ ಹಿಂದೆ ಯಾರು ಬಂದು ನಿಂತರೂ ತಿರುಗಿ ನೋಡುತ್ತಿರಲಿಲ್ಲ. ಕೈಯಲ್ಲಿ ಕತ್ತಿ ಇತ್ತು, ದಪ್ಪ ಮೀಸೆ ಇತ್ತು, ಕೆಂಪು ರುಮಾಲು ಇತ್ತು. ಹಿಂದೆಯೂ ಒಂದು ದಿಕ್ಕಿದೆ ಎಂಬ ವಿಚಾರ ಮಾತ್ರ ತಲೆಯಲ್ಲಿ ಇರಲಿಲ್ಲ. ಅವನಿದ್ದದ್ದು ಪೀರಣ್ಣನ ಅಂಗಡಿಯ ವಿಡಿಯೋ ಗೇಮಿನ ಪೆಟ್ಟಿಗೆಯೊಳಗೆ.

ಪೀರಣ್ಣನ ಅಂಗಡಿ ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆಯಲ್ಲಿತ್ತು. ಕೆಳಗೆ ಜೋಳ ಸುರಿದಾಗ ಮೇಲೆ ನೆಲ ನಡುಗುತ್ತಿತ್ತು. ಪೀರಣ್ಣ ದಿನಾ ಬೆಳಿಗ್ಗೆ ಬಣ್ಣ ಬಳಿಯುವ ಬ್ರಷ್ಷಿನಿಂದ ಪರದೆಯ ಮೇಲಿನ ಹಿಟ್ಟು ಝಾಡಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಕೋಟೆಗೆ ಮತ್ತೆ ಸುಣ್ಣ ಹೊಡೆದಂತಾಗುತ್ತಿತ್ತು. ಡಬ್ಬಿ ಸಾಲಿಗಿಟ್ಟು ಕಾಯುವ ಹೆಂಗಸರು ಸುಮ್ಮನೆ ಕೂರುವುದೇಕೆಂದು ಮೇಲೆ ಬಂದು ಒಂದು ಆಟ ಆಡಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಇಳಿದು ಹೋಗುತ್ತಿದ್ದರು. ಈಗಲೂ ಎಲ್ಲಾದರೂ ಬಿಸಿ ಹಿಟ್ಟಿನ ವಾಸನೆ ಬಂದರೆ ನನ್ನ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿದಂತೆ ಆಡುತ್ತದೆ.

ಆಟದಲ್ಲಿ ಒಂದು ಕೋಟೆ, ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಇಬ್ಬರು ಹರೆಯದ ಕಾವಲುಗಾರರು. ಅವರು ಒಬ್ಬರ ಮುಖ ಒಬ್ಬರು ನೋಡುತ್ತ ಅದೇನೋ ಹರಟುತ್ತಿದ್ದರು. ಪಕ್ಕದಲ್ಲೇ ನುಸುಳಿ ಹೋದರೂ ಅವರ ಮಾತು ನಿಲ್ಲುತ್ತಿರಲಿಲ್ಲ. ಎರಡನೆಯದರಲ್ಲಿ ಒಬ್ಬ ಬಿಲ್ಲುಗಾರ. ಅವನ ಬಾಣ ಯಾವಾಗಲೂ ಆಡುವವರ ಎಡಕ್ಕೆ ಒಂದು ಮೊಳ ದೂರ ಬೀಳುತ್ತಿತ್ತು. ಮೂರನೆಯದರಲ್ಲಿ ಗುರಪ್ಪ. ಸೋತರೆ ಅವನು ಸಾಯುತ್ತಿರಲಿಲ್ಲ. ಬಾಗಿಲ ಕಟ್ಟೆಯ ಮೇಲೆ ಕೂತು, ರುಮಾಲಿನಿಂದ ಮುಖ ಒರೆಸಿಕೊಂಡು, ಒಳಗೆ ಹೋಗು ಅನ್ನುವಂತೆ ಕೈ ಮಾಡುತ್ತಿದ್ದ.

ಅವನಿಗೆ ಕೆಮ್ಮು ಕೇಳಿಸುತ್ತಿತ್ತು. ಹೆಸರು ಹಿಡಿದು ಕೂಗಿದರೆ ಕೇಳಿಸುತ್ತಿರಲಿಲ್ಲ, ಪೆಟ್ಟಿಗೆ ಬಡಿದರೆ ಕೇಳಿಸುತ್ತಿರಲಿಲ್ಲ. ಪರದೆಯ ಮುಂದೆ ನಿಂತು ಒಮ್ಮೆ ಕೆಮ್ಮಿದರೆ ಮಾತ್ರ ಗುರಪ್ಪ ತಿರುಗುತ್ತಿದ್ದ. ತಿರುಗಿ, ಮೊದಲು ರುಮಾಲು ಸರಿಮಾಡಿಕೊಂಡು, ಆಮೇಲೆ ಕತ್ತಿ ಎತ್ತುತ್ತಿದ್ದ. ಅಷ್ಟರಲ್ಲಿ ಒಂದು ಕಪ್ಪು ಚಹಾ ಕುಡಿದು ಮುಗಿಸಬಹುದಿತ್ತು. ಆದರೂ ಎದುರುಬದುರು ನಿಂತ ಮೇಲೆ ಅದು ಕಾದಾಟ. ಹಾಗಾಗಿ ಕೆಮ್ಮದೆ ಗುರಪ್ಪನನ್ನು ಹೊಡೆಯಬಾರದು ಎಂದಾಯಿತು. ಯಾರು ಮಾಡಿದ ನಿಯಮವೋ ತಿಳಿಯದು. ನಾನು ಸ್ಟೂಲಿನ ಮೇಲೆ ನಿಂತು ಆಡುವ ವಯಸ್ಸಿಗಾಗಲೇ ಅದು ಊರಿನ ನಿಯಮವಾಗಿತ್ತು. ತೂಕದಲ್ಲಿ ಮೋಸ ಮಾಡುವವನನ್ನು, ಸಾಲಿನಲ್ಲಿ ನುಗ್ಗುವವನನ್ನು ಜನ “ಗುರಪ್ಪನ ಬೆನ್ನಿಗೆ ಹೊಡೆದಂವ” ಅನ್ನುತ್ತಿದ್ದರು. ಯುಗಾದಿಯ ದಿನ ಯಾರೋ ಪೆಟ್ಟಿಗೆಯ ಮೇಲೆ ಬೇವು ಬೆಲ್ಲ ಇಟ್ಟು ಹೋಗುತ್ತಿದ್ದರು.

ಇದರಿಂದ ಹುಟ್ಟಿದ್ದು ಕೆಮ್ಮಿಸುವ ಪದ್ಧತಿ. ಮಗಳಿಗೆ ಗಂಡು ಗೊತ್ತಾದರೆ ಮಾತು ಪಕ್ಕಾ ಆಗುವ ಮೊದಲು ಅವನನ್ನು ಮಾಳಿಗೆಗೆ ಕರೆದೊಯ್ದು ಗುರಪ್ಪನ ಮುಂದೆ ನಿಲ್ಲಿಸುತ್ತಿದ್ದರು. “ಗಂಡಿಗೆ ಕೆಮ್ಮಿಸಿದ್ರೇನು?” ಎಂದು ಕೇಳದೆ ಯಾರೂ ಲಗ್ನಪತ್ರಿಕೆ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ನಿಯಮ ಮೊದಲೇ ಗೊತ್ತಿದ್ದರೆ ಎಲ್ಲರೂ ಕೆಮ್ಮುತ್ತಾರಲ್ಲ, ಅದೇನು ಪರೀಕ್ಷೆ ಎಂದು ಹೊರಗಿನವರು ನಗುತ್ತಿದ್ದರು. ನಮ್ಮ ಹಿರಿಯರು ನೋಡುತ್ತಿದ್ದದ್ದು ಕೆಮ್ಮನ್ನಲ್ಲ. ಕೆಮ್ಮಿಗೂ ಹೊಡೆತಕ್ಕೂ ನಡುವೆ ಅವನು ಎಷ್ಟು ಜಾಗ ಬಿಡುತ್ತಾನೆ ಎಂಬುದನ್ನು. ಒಬ್ಬ ವ್ಯಾಪಾರಿಯ ಮಗ ಕೆಮ್ಮುತ್ತಲೇ ಹೊಡೆದ. ಅವನ ಕಡೆಯವರು ಉಪ್ಪಿಟ್ಟು ತಿನ್ನದೆ ಬಸ್ಸು ಹತ್ತಬೇಕಾಯಿತು. ಇನ್ನೊಬ್ಬ ಮೇಷ್ಟ್ರು ಕೆಮ್ಮಿ, ಗುರಪ್ಪ ರುಮಾಲು ಸರಿಮಾಡಿಕೊಂಡು, ಕತ್ತಿ ಎತ್ತಿ, ಒಂದು ಏಟು ಹಾಕುವವರೆಗೂ ಕಾದು ಸೋತ. ಹುಡುಗಿಯ ಅಜ್ಜಿ ಅಲ್ಲೇ ಅವನ ಬಾಯಿಗೆ ಸಕ್ಕರೆ ಹಾಕಿದಳು. ಕೊನೆಯ ಮಾತು ಮಾತ್ರ ಹುಡುಗಿಯದು. ಹಿರಿಯರು ಏನೇ ಅನ್ನಲಿ, ಅವಳು ಹೂಂ ಅಂದರೆ ಹೂಂ.

ಪರೀಕ್ಷೆ ತಪ್ಪುತ್ತಲೇ ಇರಲಿಲ್ಲ ಎಂದೇನಲ್ಲ. ನನ್ನ ಸೋದರತ್ತೆ ಬಂಗಾರೆವ್ವನ ಗಂಡ ಆ ದಿನ ಮಾಳಿಗೆಯಲ್ಲಿ ನಾಲ್ಕು ಸಲ ಕೆಮ್ಮಿದನಂತೆ. ಎಂಥ ಮರ್ಯಾದಸ್ತ ಎಂದು ಎಲ್ಲರೂ ಬೆರಗಾದರು. ಮದುವೆಯಾದ ತಿಂಗಳಲ್ಲೇ ಅವನ ಕೈ ಎಷ್ಟು ಬೇಗ ಮೇಲೇಳುತ್ತದೆ ಎಂದು ಅತ್ತೆಗೆ ತಿಳಿಯಿತು. “ಅವಂಗ ಮರ್ಯಾದಿ ಇರಲಿಲ್ಲವಾ, ನೆಗಡಿ ಆಗಿತ್ತು” ಎಂದು ಅವಳು ಹೇಳಿ ತಾನೇ ಮೊದಲು ನಗುತ್ತಿದ್ದಳು. ಗಂಡನನ್ನು ಬಿಟ್ಟು ಬಂದು ನಮ್ಮ ಮನೆಯಲ್ಲೇ ಇದ್ದಳು.

ನಾನು ಹಾಸ್ಟೆಲಿನಲ್ಲಿದ್ದು ಓದು ಮುಗಿಸಿ ಬಂದು ಊರಿನ ನೀರು ಸರಬರಾಜು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಪಂಪಿನ ಮೋಟಾರು ಪದೇ ಪದೇ ಸುಡುತ್ತಿತ್ತು. ಅದನ್ನು ಬಸ್ ಸ್ಟ್ಯಾಂಡಿನ ಹಿಂದೆ ವೈಂಡಿಂಗ್ ಅಂಗಡಿ ಇಟ್ಟಿದ್ದ ಶಿವಪುತ್ರನ ಹತ್ತಿರ ಒಯ್ಯುತ್ತಿದ್ದೆ. ಅವನು ಹೆಚ್ಚು ಮಾತಾಡುವವನಲ್ಲ. ಸುಟ್ಟ ತಂತಿ ಬಿಚ್ಚುತ್ತ, ಸುಟ್ಟದ್ದಕ್ಕೆ ಕಾರಣ ಸಿಗುವ ತನಕ ಊಟಕ್ಕೂ ಏಳದವನು. ಒಂದು ದಿನ ತಲೆ ಎತ್ತದೆಯೇ ಅಂದ: “ಕಸ್ತೂರಿ, ನಿಮ್ಮ ಮೋಟಾರ್ ಸುಡೂದರಾಗ ನನ್ನ ಕೈ ಏನೂ ಇಲ್ಲ ನೋಡ. ತಾನ ಸುಡ್ತದ.”

“ನಿನ್ನ ಕೈ ಅದ ಅಂತ ಯಾರಂದ್ರು?”

“ಯಾರೂ ಅಂದಿಲ್ಲ. ಆದ್ರ ಸುಟ್ಟ ದಿನ ನನಗ ಖುಷಿ ಆಗ್ತದ. ಅದಕ್ಕ ಹೇಳಿದೆ.”

ನಮ್ಮ ನಡುವೆ ಪ್ರೀತಿಯ ಮಾತು ಅಂತ ಆದದ್ದು ಅಷ್ಟೇ. ನಾನು ಅವ್ವನಿಗೆ ಹೇಳಿದೆ, ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ದಿನವಿಡೀ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿ ಮನೆಗೆ ಬಂದ ಮೇಲೆ ಮಾತೇ ಆಡದ ಮನುಷ್ಯ. ಬೇಡ ಅನ್ನಲಿಲ್ಲ. “ದಸರಾ ಮುಗೀಲಿ. ಕೆಮ್ಮಿಸೋಣಂತ” ಅಂದ. ನನಗೆ ಹೆದರಿಕೆಯೇ ಇರಲಿಲ್ಲ. ಸುಟ್ಟ ಮೋಟಾರಿನ ಮುಂದೆ ಅಷ್ಟು ಹೊತ್ತು ಕೂರಬಲ್ಲವನು ಗುರಪ್ಪ ರುಮಾಲು ಕಟ್ಟಿಕೊಳ್ಳುವವರೆಗೆ ಕಾಯಲಾರನೇ?

ಆದರೆ ದಸರೆಗೆ ಮುಂಚೆಯೇ ವ್ಯಾನಿನವನು ಬಂದ.

ಆ ಹೊತ್ತಿಗೆ ಪೀರಣ್ಣನ ಅಂಗಡಿಗೆ ಹುಡುಗರು ಬರುವುದು ಕಡಿಮೆಯಾಗಿತ್ತು. ಮೊಬೈಲಿನಲ್ಲಿ ಆಡುವ ಆಟಗಳಲ್ಲಿ ಶತ್ರುಗಳು ಗೋಡೆಯ ಮರೆಗೆ ಅಡಗುತ್ತಾರೆ, ಒಬ್ಬರನ್ನೊಬ್ಬರು ಕರೆಯುತ್ತಾರೆ, ಸುತ್ತುವರಿಯುತ್ತಾರೆ ಎಂದು ಅವರು ಕಣ್ಣರಳಿಸಿ ಹೇಳುತ್ತಿದ್ದರು. “ನಿನ್ನ ಗುರಪ್ಪಗ ಪೆನ್ಷನ್ ಕೊಡ ಕಾಕಾ” ಎಂದು ಪೀರಣ್ಣನನ್ನು ಕಾಡುತ್ತಿದ್ದರು. ವ್ಯಾನಿನವನು ಊರೂರು ತಿರುಗಿ ಆಟದ ಪೆಟ್ಟಿಗೆಗಳಿಗೆ ಬುದ್ಧಿ ಹಾಕುವವನು. ಅಂಗಿಯ ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರು, ಬಾಯಲ್ಲಿ ಲವಂಗ. ನಾನು ಹಿಟ್ಟು ಬೀಸಿಸಲು ಹೋಗಿ ಮೇಲೆ ಕೂತಿದ್ದಾಗಲೇ ಅವನು ಬಂದು ಗುರಪ್ಪನ ಎದುರು ನಿಂತ. ಎದುರು ಅಲ್ಲ, ಹಿಂದೆ. ಕೆಮ್ಮದೆ ಹೊಡೆದ. ಗುರಪ್ಪ ಕಟ್ಟೆಯ ಮೇಲೆ ಕೂತ. ಮತ್ತೆ ಆಟ ಶುರು ಮಾಡಿ ಮತ್ತೆ ಹೊಡೆದ, ಇನ್ನೊಂದು ಕೈಯಲ್ಲಿ ಫೋನು ನೋಡುತ್ತ. ಅಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

“ಏನ್ ಸಾರ್ ಇದು, ಕ್ವಾಲಿಟಿ ಸೊನ್ನೆ” ಅಂದ ವ್ಯಾನಿನವನು. “ಇವನಿಗೆ ಹಿಂದೆ ಮುಂದೆ ಗೊತ್ತಿಲ್ಲ. ಈಗಿನ ಎಐ ಹೇಗಿದೆ ಗೊತ್ತಾ? ನೀವು ಆಡೋದನ್ನ ನೋಡ್ಕೊಂಡೇ ಕಲಿಯುತ್ತೆ. ದಿನ ದಿನಕ್ಕೆ ಬುದ್ಧಿ ಬೆಳೆಯುತ್ತೆ. ಮೊದಲು ಮೂರನೇ ಬಾಗಿಲಿಗೆ ಹಾಕ್ತೀನಿ, ಇಷ್ಟ ಆದ್ರೆ ಉಳಿದವರಿಗೂ ಹಾಕೋಣ.”

ಪೀರಣ್ಣ ಬ್ರಷ್ಷು ಹಿಡಿದುಕೊಂಡೇ ಯೋಚಿಸಿದ. “ಹಂಗಾರ ಗುರಪ್ಪ ಎಲ್ಲಿ ಹೋಗ್ತಾನ್ರಿ?”

“ಎಲ್ಲೂ ಹೋಗಲ್ಲ ಸಾರ್. ಇರಲ್ಲ, ಅಷ್ಟೇ.”

“ಮೀಸಿ?”

“ಮೀಸೆ ಹಾಗೇ ಇರುತ್ತೆ. ಮೈ ಅದೇ. ಒಳಗಿನದು ಮಾತ್ರ ಬೇರೆ.”

ಮೀಸೆ ಇರುತ್ತದೆ ಎಂದಮೇಲೆ ಪೀರಣ್ಣನಿಗೆ ಸಮಾಧಾನವಾಯಿತು. ವ್ಯಾನಿನವನು ಪೆಟ್ಟಿಗೆಯ ಹಿಂಬದಿಯ ಹಲಗೆ ಬಿಚ್ಚಿದ. ಒಳಗಿನಿಂದ ಒಂದು ಹಿಡಿ ಹಿಟ್ಟು ಉದುರಿತು.

ಆ ಸಂಜೆ ಮೊದಲು ಆಡಿದವಳು ಗಿರಣಿಯಲ್ಲಿ ಹಿಟ್ಟು ಜರಡಿ ಹಿಡಿಯುವ ಮಾಬವ್ವ. ಅವಳು ಎಂದಿನಂತೆ ಗುರಪ್ಪನ ಹಿಂದೆ ನಿಂತು ಕೆಮ್ಮಿದಳು. ಅವನು ರುಮಾಲು ಮುಟ್ಟಲಿಲ್ಲ. ತಿರುಗುವುದೂ ಹೊಡೆಯುವುದೂ ಒಂದೇ ಆಯಿತು. ಮಾಬವ್ವ ಗುಂಡಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. “ಅಯ್ಯ, ಏನಾತ ಇವಂಗ?” ಸಿಟ್ಟಾಗಿದ್ದಾನೆ ಎಂದೇ ಎಲ್ಲರೂ ತಿಳಿದರು. ವ್ಯಾನಿನವನು ಬೆನ್ನಿಗೆ ಹೊಡೆದದ್ದು ಮನಸ್ಸಿಗೆ ಹತ್ತಿದೆ, ನಾಲ್ಕು ದಿನದಲ್ಲಿ ಸರಿಹೋಗುತ್ತಾನೆ ಅಂದರು. ಯಾರೋ ಪೆಟ್ಟಿಗೆಗೆ ಊದಿನಕಡ್ಡಿ ಹಚ್ಚಿದರು. ಕೆಲವರು ಎರಡು ಸಲ ಕೆಮ್ಮಿ ನೋಡಿದರು, ಕೆಲವರು ದೂರದಿಂದ ಕೆಮ್ಮಿದರು. ಪ್ರತಿಯೊಂದು ಕೆಮ್ಮಿಗೂ ಅವನು ಇನ್ನಷ್ಟು ಚುರುಕಾದ. ಬಂಗಾರೆವ್ವತ್ತೆ ಒಂದು ಆಟ ಆಡಿ ಸೋತು ಬಂದವಳು ಚಪ್ಪಲಿ ಬಿಡುತ್ತಲೇ ಅಂದಳು: “ಸಿಟ್ಟಲ್ಲ ಗಿಟ್ಟಲ್ಲ. ಅವಂಗ ಬುದ್ಧಿ ಬಂದದ.”

ಸ್ವಲ್ಪ ದಿನಕ್ಕೆ ಅವನು ತಾನೇ ಕೆಮ್ಮಲು ಕಲಿತ.

ದೀಪದ ಕಂಬದ ನೆರಳಿನಲ್ಲಿ ಕಾಣದಂತಾಗಿ, ಸುತ್ತು ಹಾಕಿ, ಆಡುವವರ ಬೆನ್ನ ಹಿಂದೆ ಬಂದು ಕೆಮ್ಮುತ್ತಿದ್ದ. ಪೆಟ್ಟಿಗೆಯ ಸ್ಪೀಕರಿನಿಂದ ಬರುತ್ತಿದ್ದ ಆ ಕೆಮ್ಮು ನಮ್ಮೂರಿನದೇ. ಹೊಸ್ತಿಲ ಹೊರಗೆ ನಿಂತು, ಒಳಗೆ ಹೆಣ್ಣುಮಕ್ಕಳಿದ್ದಾರೆಂದು ಹಿರಿಯರು ತಾವು ಬಂದ ಸೂಚನೆ ಕೊಡುವ ಕೆಮ್ಮು. ಕೆಮ್ಮು ಕೇಳಿದರೆ ತಿರುಗುವುದು ನಮ್ಮ ಮೈಯಲ್ಲೇ ಇತ್ತು. ಆಟದೊಳಗೆ ತಿರುಗಿ ಕತ್ತಿ ಇಳಿಸಿದವರಿದ್ದರು. ಆಟ ಬಿಟ್ಟು, ಮೆಟ್ಟಿಲು ಹತ್ತಿ ಯಾರು ಬಂದರೋ ಎಂದು ನಿಜವಾಗಿಯೇ ಹಿಂದೆ ನೋಡಿದವರೂ ಇದ್ದರು. ಅವರು ಮತ್ತೆ ಪರದೆಗೆ ಕಣ್ಣು ತರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಬೇರೆ ಊರಿನವರು ಯಾರೂ ಹೀಗೆ ಸೋಲುತ್ತಿರಲಿಲ್ಲ. ಅವನು ನಮ್ಮನ್ನು ನಮ್ಮಿಂದಲೇ ಕಲಿತಿದ್ದ.

ಹುಡುಗರು ಮಾತ್ರ ಹಿಂದಿರುಗಿ ಬಂದರು. ಮೆಟ್ಟಿಲವರೆಗೂ ಸಾಲು. ಯಾರೂ ಗೆಲ್ಲುತ್ತಿರಲಿಲ್ಲ, ಅದೇ ಅವರಿಗೆ ರುಚಿ. ಪೀರಣ್ಣ ಹೊಸ ಫ್ಯಾನು ಹಾಕಿಸಿದ.

ಕೆಮ್ಮಿಸುವ ದಿನ ಹತ್ತಿರ ಬರುತ್ತಿತ್ತು. ನಿಯಮ ಬದಲಾಗಿರಲಿಲ್ಲ, ಬದಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಶಿವಪುತ್ರ ದಿನಾ ಅಂಗಡಿ ಮುಚ್ಚಿ ಮಾಳಿಗೆಗೆ ಹೋಗುತ್ತಾನೆ ಎಂದು ತಿಳಿದು ನಾನು ಅವನ ಅಂಗಡಿಗೆ ಹೋದೆ. ತಾಮ್ರದ ತಂತಿ ಸುತ್ತುತ್ತ ಕೂತಿದ್ದ.

“ನೀ ಗೆಲ್ಲಬೇಕಂತೇನಿಲ್ಲ” ಅಂದೆ. “ಸೋತ ಮೇಷ್ಟ್ರಿಗೂ ಹೆಣ್ಣು ಕೊಟ್ಟಾರ. ಕೆಮ್ಮು, ಸಾಕು.”

“ಕೆಮ್ಮಿದ್ರ ಒಂದ ಏಟಿಗೆ ಹೋಗ್ತೀನಿ. ನಿಮ್ಮಪ್ಪ ಏನ್ ನೋಡ್ತಾನ?”

“ನೀ ಹೋಗೋದನ್ನ ನೋಡ್ತಾನ.”

“ಮಂದಿ ಮುಂದ ಹೊಡತ ತಿಂದು ಬಿದ್ದು ಹೆಣ್ಣು ತಗೋಬೇಕಾ ನಾ?” ತಂತಿ ಬಿಗಿ ಎಳೆದ. “ಅಂವ ಹೆಂಗ ನಡೀತಾನ ಅಂತ ನೋಡ್ಲಿಕತ್ತೀನಿ, ಕಸ್ತೂರಿ. ಒಂದು ಕಾರಣ ಇದ್ದ ಇರ್ತದ. ಸಿಗ್ತದ.”

“ನಿನಗ ಮದುವಿ ಬೇಕೋ, ಅವನ್ನ ಸೋಲಸೂದು ಬೇಕೋ?”

“ಎರಡೂ” ಅಂದ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಮಾಳಿಗೆ ತುಂಬಿತ್ತು. ಪೀರಣ್ಣ ಕೆಳಗೆ ಹೋಗಿ ಗಿರಣಿ ನಿಲ್ಲಿಸಿ ಬಂದ. ಕೆಮ್ಮು ಸರಿಯಾಗಿ ಕೇಳಲಿ ಎಂದು ಹೀಗೆ ನಿಲ್ಲಿಸುವುದು ವಾಡಿಕೆ. ಅಪ್ಪ ಮುಂದಿನ ಬೆಂಚಿನ ಮೇಲೆ ಕೂತ, ಪಕ್ಕದಲ್ಲಿ ಅತ್ತೆ. ನಾನು ಗೋಡೆಗೆ ಆತು ನಿಂತಿದ್ದೆ. ಒಗೆದ ಅಂಗಿ ಹಾಕಿಕೊಂಡು ಬಂದ ಶಿವಪುತ್ರ ಅಪ್ಪನಿಗೆ ನಮಸ್ಕಾರ ಮಾಡಿ ಪೆಟ್ಟಿಗೆಯ ಮುಂದೆ ನಿಂತ. ಹರಟುವ ಹುಡುಗರನ್ನು ದಾಟಿದ. ಬಿಲ್ಲುಗಾರನ ಬಾಣ ಎಡಕ್ಕೆ ಬಿತ್ತು. ಮೂರನೇ ಬಾಗಿಲು ಬಂತು. ಮೀಸೆಯವನು ಬೆನ್ನು ಹಾಕಿ ಕಂಬದ ಕಡೆ ನಡೆಯುತ್ತಿದ್ದ. ಈಗ ಕೆಮ್ಮಬೇಕು. ಅಪ್ಪ ಸ್ವಲ್ಪ ಮುಂದೆ ಬಾಗಿದ.

ಶಿವಪುತ್ರ ಕೆಮ್ಮಲಿಲ್ಲ. ಹೊಡೆಯಲೂ ಇಲ್ಲ. ಸುಮ್ಮನೆ ನಿಂತ. ಮೀಸೆಯವನು ಕಂಬದ ನೆರಳಿನಲ್ಲಿ ಇಲ್ಲದಂತಾದ. ಆಮೇಲೆ ಸ್ಪೀಕರಿನಿಂದ ಆ ಕೆಮ್ಮು ಬಂತು, ತೀರ ಹತ್ತಿರದಿಂದ, ತೀರ ವಿನಯದಿಂದ. ಬೆಂಚಿನ ಮೇಲಿದ್ದವರಲ್ಲಿ ಅರ್ಧ ಜನ ಮೆಟ್ಟಿಲ ಕಡೆ ತಿರುಗಿದರು. ಅಪ್ಪನೂ ತಿರುಗಿದ. ಶಿವಪುತ್ರ ತಿರುಗಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟ. ಹಿಂದಿನಿಂದ ಬಂದ ಕತ್ತಿ ಗಾಳಿಯಲ್ಲಿ ಹೋಯಿತು, ಅದರ ಹಿಂದೆಯೇ ಅದರ ಯಜಮಾನ ಮುಗ್ಗರಿಸಿ ಮುಂದೆ ಬಂದ, ಬೆನ್ನು ತೋರಿಸಿಕೊಂಡು. ಶಿವಪುತ್ರ ಆ ಬೆನ್ನಿಗೆ ಹೊಡೆದ.

ಹೊಸಬನು ಕಟ್ಟೆಯ ಮೇಲೆ ಕೂರಲಿಲ್ಲ, ಮುಖ ಒರೆಸಿಕೊಳ್ಳಲಿಲ್ಲ. ಬಿದ್ದು ಮಾಯವಾದ. ಬಾಗಿಲು ತೆರೆಯಿತು. ಹುಡುಗರು ಸಿಳ್ಳೆ ಹೊಡೆದು ಶಿವಪುತ್ರನನ್ನು ಎತ್ತಿಕೊಂಡರು. ಮೀಸೆಯವನಿಗೆ ಬುದ್ಧಿ ಬಂದಮೇಲೆ ಅವನನ್ನು ಸೋಲಿಸಿದ ಮೊದಲ ಮನುಷ್ಯ ಇವನೇ. ಗದ್ದಲದ ನಡುವೆ ಅಪ್ಪ ಚಪ್ಪಲಿ ಹುಡುಕುತ್ತಿದ್ದ.

“ಮಾವಾರ, ಯಾಕ ಎದ್ರಿ?” ಶಿವಪುತ್ರ ಹುಡುಗರ ಹೆಗಲಿನಿಂದ ಇಳಿದು ಬಂದ.

“ನೀ ಕೆಮ್ಮಲಿಲ್ಲ. ಅದ ಹೋಗ್ಲಿ. ಅಂವ ಕೆಮ್ಮಿದ್ರೂ ತಿರುಗಲಿಲ್ಲ.”

“ತಿರುಗಿದ್ರ ಸಾಯ್ತಿದ್ದೆನ್ರಿ.”

“ಸಾಯಬೇಕಿತ್ತು” ಅಂದ ಅಪ್ಪ. “ಆಟದಾಗ ಒಂದು ಸಲ ಸತ್ರ ಏನ್ ಹೋಗ್ತಿತ್ತು ನಿಂದು?”

ಬಂಗಾರೆವ್ವತ್ತೆ ಎದ್ದು ಅಣ್ಣನ ದಾರಿಗೆ ಅಡ್ಡ ನಿಂತಳು. “ಏ ಅಣ್ಣಾ, ಅಂವ ಏನು ಗುರಪ್ಪನೇನು? ಗುರಪ್ಪ ಹೋಗಿ ಯಾವ ಕಾಲ ಆತು. ಇಂವ ಅವನ ಅಂಗಿ ಹಾಕ್ಕೊಂಡ ಕಳ್ಳ. ಕಳ್ಳ ಬಂದು ಹೊಸ್ತಿಲದಾಗ ಕೆಮ್ಮಿದ್ರ ಬಾ, ಕೂಡು ಅಂತ ಮಣಿ ಹಾಕ್ತೀಯೇನು?”

“ಮರ್ಯಾದಿ ಅವಂದಲ್ಲ ಬಂಗಾರಿ. ನಮ್ದು.”

“ನಿನ್ನ ಮರ್ಯಾದಿ ಲೆಕ್ಕ ನನಗ ಹೇಳಬ್ಯಾಡ. ನಾಕು ಸಲ ಕೆಮ್ಮಿದವನ ಕೂಡ ನಾ ಬಾಳೇವು ಮಾಡೀನಿ.”

ಅಪ್ಪ ನನ್ನ ಕಡೆ ನೋಡಿದ. ಎಲ್ಲರೂ ನೋಡಿದರು. ಕೊನೆಯ ಮಾತು ನನ್ನದು. ಅದಕ್ಕೂ ಮೊದಲು ನನಗೆ ಕೇಳಲು ಒಂದು ಇತ್ತು. “ಅಂವ ಕೆಮ್ಮಿದಾಗ ನಿನಗ ತಿರುಗಬೇಕು ಅನಿಸ್ತೇನು?”

ಶಿವಪುತ್ರ ಯೋಚಿಸಿದ. ಇನ್ನೊಬ್ಬನಾಗಿದ್ದರೆ ಅನಿಸಿತು, ತಡೆದುಕೊಂಡೆ ಅನ್ನುತ್ತಿದ್ದ. ಅಪ್ಪನಿಗೂ ಅಷ್ಟು ಸಾಕಿತ್ತು. ಅವನು ಹೇಳಿದ್ದು ಇಷ್ಟು: “ಮೊದಮೊದಲು ಅನಿಸ್ತಿತ್ತು. ಕುತ್ತಗಿ ತಾನ ತಿರುಗ್ತಿತ್ತು, ಹಲ್ಲು ಕಚ್ಚಿ ಹಿಡೀತಿದ್ದೆ. ಈಗ ಅನಸಂಗಿಲ್ಲ.”

ಇಷ್ಟು ಜನರ ಮುಂದೆ ಇದನ್ನು ಹೀಗೆ ಹೇಳುವವನು ಮನೆಯಲ್ಲಿ ನನಗೆ ಮೋಸ ಮಾಡುವುದಿಲ್ಲ ಎಂದು ನಾನು ತೂಗಿ ನೋಡಿದೆ. ಪರೀಕ್ಷೆ ಕೆಟ್ಟಿತ್ತು, ಹುಡುಗ ಕೆಟ್ಟಿರಲಿಲ್ಲ. ಹೂಂ ಅಂದೆ. ಅಪ್ಪ ಚಪ್ಪಲಿ ಮೆಟ್ಟಿ ಇಳಿದು ಹೋದ. ಅತ್ತೆ ಸಕ್ಕರೆ ತರಿಸಿದಳು. ಕೆಳಗೆ ಗಿರಣಿ ಮತ್ತೆ ಶುರುವಾಯಿತು.

ಮದುವೆಯಾಯಿತು. ಅಪ್ಪ ಧಾರೆ ಎರೆದ, ಎಲ್ಲರಿಗೂ ತಾನೇ ನಿಂತು ಬಡಿಸಿದ. ಕೆಮ್ಮಿಸಿ ಆದ ಮದುವೆಗಳಲ್ಲಿ ನಮ್ಮದೇ ಕೊನೆಯದಾಗುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಒಂದೆರಡು ಮನೆಯವರು ಗಂಡುಗಳನ್ನು ಕರೆದೊಯ್ದರು. ಕೆಮ್ಮಿದವನು ಕಣ್ಣು ಮಿಟುಕಿಸುವಷ್ಟರಲ್ಲಿ ಸತ್ತ, ಕೆಮ್ಮದವನೂ ಸತ್ತ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಬಂದರು. ನಂತರ ಬೇರೆ ಊರಿನವರಂತೆ ನಾವೂ ಸಂಬಳ ಎಷ್ಟು, ಜಾತಕ ಕೂಡುತ್ತದೆಯೇ ಎಂದು ಕೇಳಲು ಕಲಿತೆವು.

ಪಕ್ಕಕ್ಕೆ ಸರಿಯುವ ಉಪಾಯವನ್ನೂ ಮೀಸೆಯವನು ಮಾರನೆಯ ದಿನವೇ ಕಲಿತಿದ್ದ. ಮತ್ತೆ ಯಾರೂ ಗೆಲ್ಲಲಿಲ್ಲ. ಸೋಲಿನ ರುಚಿಯೂ ಎಷ್ಟು ದಿನ? ಹುಡುಗರ ಸಾಲು ಕರಗಿತು. ಪೀರಣ್ಣ ವ್ಯಾನಿನವನನ್ನು ಕರೆಸಿ, ನಮ್ಮ ಹಳೆಯವನನ್ನೇ ಹಾಕಿಕೊಡು ಅಂದ. ಹಳೆಯದು ಉಳಿದಿಲ್ಲ, ಬೇಕಾದರೆ ಬುದ್ಧಿ ಕಮ್ಮಿ ಮಾಡಿ ಇಡುತ್ತೇನೆ ಎಂದು ಅವನು ಏನನ್ನೋ ತಿರುವಿಕೊಟ್ಟ. ಮೀಸೆಯವನು ನಿಧಾನವಾದ. ಬೆನ್ನು ತೋರಿಸಿದ. ಕೆಮ್ಮಿದರೆ ಮೆಲ್ಲಗೆ ತಿರುಗಿ, ಒಂದು ಏಟಿಗೆ ಸೋತ. ಮಾಬವ್ವ ಒಂದು ಆಟ ಆಡಿ ಗೆದ್ದು, ಗುಂಡಿಯಿಂದ ಕೈ ತೆಗೆದು, “ಬ್ಯಾಡ ಪೀರಣ್ಣ, ಇಂವ ಸುಳ್ಳು ಸುಳ್ಳು ಸೋಲ್ತಾನ” ಅಂದಳು. ಎಲ್ಲರಿಗೂ ಅದು ಕಾಣುತ್ತಿತ್ತು. ಗುರಪ್ಪನ ದಡ್ಡತನ ಅವನ ಸ್ವಂತದ್ದು. ಇವನು ನಮ್ಮನ್ನು ದಡ್ಡರೆಂದು ಎಣಿಸಿ ಸೋಲುತ್ತಿದ್ದ. ಪೀರಣ್ಣ ಪೆಟ್ಟಿಗೆಯನ್ನು ಗುಜರಿಗೆ ಕೊಟ್ಟು ಮಾಳಿಗೆಯನ್ನು ಗೋಧಿ ಚೀಲಗಳಿಗೆ ಬಾಡಿಗೆ ಕೊಟ್ಟ. ಅದರ ಜೊತೆಗೆ ಹರಟುವ ಹುಡುಗರೂ ಬಿಲ್ಲುಗಾರನೂ ಹೋದರು. ಅವರಿಗಿನ್ನೂ ಬುದ್ಧಿ ಹಾಕಿರಲಿಲ್ಲ.

ಶಿವಪುತ್ರ ಒಳ್ಳೆಯ ಗಂಡ. ನನ್ನ ತೂಕ ತಪ್ಪಲಿಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಕೇಳಿದ್ದಕ್ಕೆ ನಿಜ ಹೇಳುತ್ತಾನೆ. ಮನೆಯ ಮುಂಭಾಗವೇ ಅವನ ಅಂಗಡಿ ಈಗ. ಅಪ್ಪ ಮೊದಲ ಸಲ ನಮ್ಮ ಮನೆಗೆ ಬಂದ ದಿನ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಶಿವಪುತ್ರ ಬಾಗಿಲಿಗೆ ಬೆನ್ನು ಮಾಡಿ ಮೋಟಾರು ಬಿಚ್ಚುತ್ತಿದ್ದ. ಅಪ್ಪ ಹೊಸ್ತಿಲ ಹೊರಗೆ ನಿಂತು, ಅಳಿಯನ ಮನೆ ಎಂದು ಸಂಕೋಚದಿಂದ, ಒಮ್ಮೆ ಕೆಮ್ಮಿದ. ನಾನು ಅಡುಗೆಮನೆಯ ಬಾಗಿಲಿಗೆ ಬಂದಾಗ ಕಂಡದ್ದು ಇದು: ಶಿವಪುತ್ರ ತಿರುಗಲಿಲ್ಲ. ಕೂತಲ್ಲಿಂದಲೇ ಸರಕ್ಕನೆ ಪಕ್ಕಕ್ಕೆ ಜರುಗಿದ, ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಎತ್ತಿ ಹಿಡಿದು. ಮರುಕ್ಷಣ ಅವನಿಗೇ ನಾಚಿಕೆಯಾಯಿತು. ಎದ್ದು, “ಬರ್ರಿ ಮಾವಾರ, ಬರ್ರಿ” ಎಂದು ಕುರ್ಚಿ ಎಳೆದ. ಅಪ್ಪ ಕೂತ, ಚಹಾ ಕುಡಿದ, ಬಸ್ಸುಗಳ ಮಾತಾಡಿದ. ಏನೂ ಆಗದವನಂತೆ ಹೋದ.

ಶಿವಪುತ್ರನೊಬ್ಬನೇ ಅಲ್ಲ. ಊರಿನಲ್ಲಿ ಅಂದು ಹುಡುಗರಾಗಿದ್ದವರೆಲ್ಲ ಹಾಗೆಯೇ. ಬಸ್ಸಿನಲ್ಲಿ ಹಿಂದೆ ಮುದುಕನೊಬ್ಬ ಕೆಮ್ಮಿದರೆ ಸೀಟಿನಲ್ಲಿ ಸಾಲಾಗಿ ಭುಜಗಳು ಪಕ್ಕಕ್ಕೆ ಸರಿಯುತ್ತವೆ. ಯಾರೂ ತಿರುಗುವುದಿಲ್ಲ. ಅವರಿಗೆ ಗೊತ್ತೂ ಆಗುವುದಿಲ್ಲ.

ಅಪ್ಪ ಈಗಲೂ ಹಬ್ಬಹುಣ್ಣಿಮೆಗೆ ಬರುತ್ತಾನೆ. ಬಂದು ಬಾಗಿಲು ಬಡಿಯುತ್ತಾನೆ. ಕರೆಂಟು ಬಿಲ್ಲಿನವನು ಬಡಿದಂತೆ, ಮೂರು ಸಲ, ಬೆರಳಿನ ಗೆಣ್ಣಿನಿಂದ. ಬಡಿದು, ಬಾಗಿಲಿನಿಂದ ಎರಡು ಹೆಜ್ಜೆ ದೂರ ಸರಿದು ನಿಲ್ಲುತ್ತಾನೆ. ನಾನು ತೆಗೆದಾಗ ಮೊದಲು ನನ್ನ ಹಿಂದೆ ಯಾರಿದ್ದಾರೆ ಎಂದು ನೋಡುತ್ತಾನೆ, ಆಮೇಲೆ ನನ್ನನ್ನು.

ಲೆಕ್ಕ ಹಾಕಿದರೆ ಹೋದದ್ದು ಬಹಳವೇನಲ್ಲ. ಒಂದು ಆಟದ ಪೆಟ್ಟಿಗೆ, ನಾಲ್ವರು ಕಾವಲುಗಾರರು, ಒಂದು ಪದ್ಧತಿ, ಅರ್ಧ ಅಪ್ಪ.